ಮುದ್ದಮ್ಮನ ಎಣಿಕೆ

"ಬಿಸ್ಲು ಕಣ್ಣಿಗೊಡೀತದೆ. ನೀನೇ ಎಣ್ಸು ಮುದ್ದಿ" ಎಂದ ಮರಿಯಯ್ಯ, ಬಾನೆಟ್ಟಿನ ಕೆಳಗೆ ಬಗ್ಗಿಕೊಂಡೇ.

ಬನ್ನಿಮಂಟಪದ ಆ ಅಂಗಡಿಯಲ್ಲಿ ಕಾರುಗಳ ಕರೆಂಟಿನ ಕೆಲಸ ಮಾಡುತ್ತಲೇ ಅವನ ತಲೆ ನೆರೆತಿತ್ತು. ಮುಂದೆ ನಿಂತದ್ದು ಹಳೇ ಕಾರು, ಸ್ಕ್ಯಾನರ್ ಹಚ್ಚುವಂಥದ್ದಲ್ಲ. ಬಾನೆಟ್ಟಿನೊಳಗಿನ ಪ್ಲಗ್ಗಿನ ಎರಡು ತೂತಿಗೆ ತುಂಡು ವೈರು ಸಿಕ್ಕಿಸಿದರೆ ಸ್ಟಿಯರಿಂಗಿನ ಹಿಂದೆ ಹಳದಿ ದೀಪ ಮಿಣುಕುತ್ತದೆ. ಎಷ್ಟು ಸಲ ಮಿಣುಕಿತು, ಎಲ್ಲಿ ತಡೆಯಿತು ಎಂದು ಎಣಿಸಿದರೆ ದೋಷ ತಿಳಿಯುತ್ತದೆ. ಆದರೆ ಯುಗಾದಿಯಿಂದೀಚೆಗೆ ಆ ದೀಪ ಮರಿಯಯ್ಯನಿಗೆ ಮಂಜಿನಲ್ಲಿ ಕರಗಿಹೋಗುತ್ತಿತ್ತು. ಬಾಯಿಬಿಟ್ಟರೆ ಯಾರು ತಾನೇ ಗಾಡಿ ತಂದಾರು? ಹೆಂಡತಿ ಮುದ್ದಮ್ಮನಿಗೂ ಹೇಳಿರಲಿಲ್ಲ.

ಊಟ ತಂದಿದ್ದ ಮುದ್ದಮ್ಮ ಸೀಟಿನಲ್ಲಿ ಕೂತು ಎಣಿಸಿದಳು. "ಲಾಭ." ದೀಪ ತಡೆಯಿತು. "ಲಾಭ, ಎರಡು, ಮೂರು, ನಾಕು."

"ಬರೀ ನಾಲ್ಕಾ?" ಎಂದ ಕಾರಿನ ಯಜಮಾನ ನಿಶಾಂತ್.

"ಅಲ್ಲ ಸಾ. ಒಂದು, ಆಮೇಕೆ ನಾಕು. ಇವಳ ತವರಲ್ಲಿ ರಾಗಿ ಅಳೆಯೋವಾಗ ಒಂದು ಅನ್ನಾಕಿಲ್ಲ. ಲಾಭ ಅಂತ್ಲೇ ಸುರು."

"ಲಾಭ ನಿಮ್ಗೆ, ನಷ್ಟ ನನಗೆ ಕಣಮ್ಮ!"

"ಬುಡಿ ಸಾಮಿ, ಬಾಯ್ಮಾತ್ಗೆ ಏನ್ ನಷ್ಟ?" ಎಂದು ಮುದ್ದಮ್ಮ ನಕ್ಕಳು.

ಒಂದು, ಆಮೇಲೆ ನಾಲ್ಕು ಎಂದರೆ ಎಂಜಿನ್ನಿನ ನೀರಿನ ಬಿಸಿ ನೋಡುವ ಸೆನ್ಸರಿನ ವೈರು. ಮರಿಯಯ್ಯನ ಬೆರಳುಗಳು ಸಂದಿಯಲ್ಲಿ ತಡಕಿ, ಕಿಲುಬು ಹಿಡಿದ ಅದರ ಪಿನ್ನನ್ನು ಉಜ್ಜಿ ಕೂರಿಸಿದವು. ಹಳೇ ದೋಷದ ಗುರುತು ಅಳಿಯಲೆಂದು ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದ. ದೋಷ ಹೋಗಿದ್ದರೆ ಈಗ ದೀಪ ಒಂದು ಸಲ, ಆಮೇಲೆ ಎರಡು ಸಲ ಮಿಣುಕಬೇಕು. ಯಾರಿಗೂ ಅನುಮಾನ ಬಾರದಿರಲೆಂದು ತಾನೂ ಕಿಟಕಿಯೊಳಗೆ ತಲೆ ಹಾಕಿದ.

ದೀಪ ಅವನ ಮೂಗಿನ ಮುಂದೆಯೇ ಮಿಣುಕುತ್ತಿತ್ತು.

"ಸುರುವಾಯ್ತಾ?" ಎಂದ.

ಮುದ್ದಮ್ಮ ದೀಪ ನೋಡಿದಳು. ಅವನ ಕಣ್ಣು ನೋಡಿದಳು. ನಿಶಾಂತ್ ಹಿಂದೆಯೇ ನಿಂತಿದ್ದ.

"ಹೂಂ" ಎಂದಳು. "ಲಾಭ... ಲಾಭ, ಎರಡು. ಅಷ್ಟೇಯ."

ಕಾರು ಹೋಯಿತು.

"ಯಾವಾಗಿಂದ?" ಎಂದಳು ಮುದ್ದಮ್ಮ.

ಮರಿಯಯ್ಯ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಯುಗಾದಿಯಿಂದ. ಯೋಳಿದ್ರೆ ಅಂಗ್ಡಿ ಬಾಗ್ಲಾಕು ಅಂತಿದ್ದೆ ನೀನು."

"ಆಸ್ಪತ್ರೆಗ್ ನಡೀರಿ ಅಂತಿದ್ದೆ ಕನ. ಅಷ್ಟೂ ತಿಳೀನಿಲ್ವಾ?" ಅವಳು ಊಟದ ಡಬ್ಬಿ ಅವನ ಮುಂದಿಟ್ಟಳು. "ಸೋಮಾರ ಓಗಾನ."

ಅವನು ಆಗಲೆಂದು ತಲೆಯಾಡಿಸಿ ಊಟಕ್ಕೆ ಕೂತ.

ಹೊರಗೆ ಹಾರನ್ ಆಯಿತು, ಇನ್ನೊಂದು ಹಳೇ ಗಾಡಿ. ಮರಿಯಯ್ಯ ಏಳುವ ಮೊದಲೇ ಮುದ್ದಮ್ಮ ಸೆರಗು ಸಿಕ್ಕಿಸಿ ನಡೆದಳು. "ಇಳಿಯಪ್ಪ" ಎಂದು ಡ್ರೈವರನ್ನು ಇಳಿಸಿ, ಅವನ ಸೀಟಿನಲ್ಲಿ ಕೂತು, ಸ್ಟಿಯರಿಂಗಿಗೆ ಗಲ್ಲವೂರಿ, ಇನ್ನೂ ಹೊತ್ತಿಕೊಳ್ಳದ ದೀಪವನ್ನೇ ನೋಡತೊಡಗಿದಳು.