ಎರಡನೇ ದನಿ

"ಇಲ್ಲ ಕಣೋ, ಮತ್ತೆ ಉಸಿರು ಸಾಲ್ಲಿಲ್ಲ," ಎಂದು ಗಾಜಿನ ಆಚೆ ಮೈಕಿನ ಮುಂದಿದ್ದ ಗರಗಸ ಮಂಡಿಗೆ ಕೈಯೂರಿ ಬಗ್ಗಿ ಏದುಸಿರು ಬಿಟ್ಟ.

ಈಚೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದ ಬಾಲ ಗುಂಡಿ ಒತ್ತಿ, ಒಳಗಿನ ಹೆಡ್‌ಫೋನಿನಲ್ಲಿ ಕೇಳುವಂತೆ, "ಅವಸರ ಏನಿಲ್ಲ, ನೀರು ಕುಡಿ," ಎಂದ. ದನಿ ಸಕ್ಕರೆಯಂತಿತ್ತು. ಒಳಗೊಳಗೆ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಒಂದು ಕಾಲಕ್ಕೆ ಇಬ್ಬರೂ ಒಂದೇ ವೇದಿಕೆಯ ರ‍್ಯಾಪರ್‌ಗಳು. ಗರಗಸ ತನ್ನ ಅಡ್ಡಹೆಸರಿಗೆ ತಕ್ಕಂತೆ ಒಂದೇ ಸಮನೆ ಸಾಲುಗಳನ್ನು ಕಾರುತ್ತಿದ್ದ. ಉಸಿರೆಳೆದುಕೊಳ್ಳಲು ಅವನು ಸಾಲಿನ ಕೊನೆಯ ಪದ ಬಿಟ್ಟುಕೊಟ್ಟರೆ ಇವನು ಅದನ್ನು ಕೂಗಿ ಮುಗಿಸುತ್ತಿದ್ದ. ಅದಕ್ಕೇ ಬಾಲ ಎಂಬ ಹೆಸರು ಅಂಟಿಕೊಂಡದ್ದು. ಆಮೇಲೆ ಗರಗಸ ಒಬ್ಬನೇ ಮೆತ್ತನೆಯ ಪ್ರೇಮಗೀತೆಗಳಿಗೆ ಇಳಿದು ಹೆಸರು ಮಾಡಿದ. ಬಾಲ ಸೋಪು, ಹಾಸಿಗೆಗಳ ಜಾಹೀರಾತು ರೆಕಾರ್ಡ್ ಮಾಡುತ್ತ ಸಂಸಾರ ತೂಗಿಸಿದ. ಅಸೂಯೆಯಿತ್ತು, ಅದಕ್ಕೆ ಮದ್ದೂ ಇತ್ತು. "ಗರಗಸದ ಹಲ್ಲು ಉದುರಿಹೋಗಿದೆ ಬಿಡು," ಎಂದು ಹೆಂಡತಿಗೆ ಹೇಳಿ ಊಟಕ್ಕೆ ಕೂತರೆ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

ಈಗ ಆ ಮದ್ದು ಕೆಲಸಕ್ಕೆ ಬರದಂತಾಗಿತ್ತು. ಹಲವು ವರ್ಷ ಮೂಲೆ ಸೇರಿದ್ದ ಗರಗಸ ಹೊಸ ಆಲ್ಬಮ್ ಹಿಡಿದುಕೊಂಡು ಇವನ ಸ್ಟುಡಿಯೋಗೇ ಬಂದಿದ್ದ. ರಾಗವಿಲ್ಲ, ಹುಡುಗಿಯಿಲ್ಲ, ಬರೀ ಮಾತಿನ ಏಟು.

*ಜೇನು ಮಾರಿದ ನಾಲಿಗೆಯಿದು, ಕಚ್ಚೋದು ಮರೆತಿತ್ತು*
*ಚಪ್ಪಾಳೆ ತಿಂದು ಬೆಳೆದ ಹೊಟ್ಟೆ, ಹಸಿವೇ ಸತ್ತಿತ್ತು*

ಅರ್ಧಕ್ಕೇ ನಿಂತ ಆ ರೆಕಾರ್ಡನ್ನು ಬಾಲ ಮನೆಯಲ್ಲಿ ಒಮ್ಮೆ ಹಾಕಿ ಕೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಹೆಂಡತಿ ಪಾತ್ರೆ ತೊಳೆಯುತ್ತ ಅದನ್ನೇ ಗುನುಗಿದಳು. "ನಿಮ್ ಸ್ನೇಹಿತರು ಎಷ್ಟ್ ಚೆನ್ನಾಗಿ ಬರ್ದಿದಾರೆ ರೀ!" ಗಂಡ ಬರೆದದ್ದು ಒಂದು ದಿನವೂ ಅವಳ ಬಾಯಿಗೆ ಬಂದದ್ದಿಲ್ಲ.

ಗರಗಸನದು ಒಂದೇ ಹಟ. ಈ ಪದ್ಯವನ್ನು ತುಂಡು ತುಂಡಾಗಿ ಹೇಳಿ ಅಂಟಿಸಕೂಡದು, ಒಂದೇ ಓಟದಲ್ಲಿ ಮುಗಿಯಬೇಕು. ಆದರೆ ಪ್ರತಿ ಸಲವೂ ಪದ್ಯದ ನಡುವಿನ ಆ 'ಹಸಿವೇ ಸತ್ತಿತ್ತು' ಸಾಲಿನ ಕೊನೆಯಲ್ಲಿ ಉಸಿರು ಕೈಕೊಡುತ್ತಿತ್ತು.

ನೀರು ಕುಡಿದು ಮೈಕಿನ ಮುಂದೆ ನಿಂತವನು ಈ ಸಲ ಹಳೆಯ ಗರಗಸನೇ ಆಗಿದ್ದ. ಬಾಲನ ಮೈ ಜುಮ್ಮೆಂದಿತು. ಅಯ್ಯೋ, ಈ ಸಲ ಆಗಿಬಿಡುತ್ತದೆ ಎಂದು ಹೆದರಿದ. ಆ ಸಾಲು ಬಂತು, ಉಸಿರು ಸೊರಗಿತು. ಬಾಲನ ಬೆರಳು ತಾನಾಗಿ ಗುಂಡಿಗೆ ಹೋಯಿತು, ಬಾಯಿ ತಾನಾಗಿ "ಸತ್ತಿತ್ತು!" ಎಂದು ಕೂಗಿತು. ಅದು ಕಿವಿಗೆ ಬಿದ್ದದ್ದೇ ಗರಗಸ ಹಳೆಯ ರೂಢಿಯಂತೆ ಪದ ಬಿಟ್ಟುಕೊಟ್ಟು, ಉಸಿರೆಳೆದು, ಮುಂದಕ್ಕೆ ಹಾರಿ ಪದ್ಯವನ್ನು ಮುಗಿಸಿಯೇಬಿಟ್ಟ.

ಬಾಲನ ಕೂಗು ಹೆಡ್‌ಫೋನಿಗೆ ಮಾತ್ರ ಹೋಗಿತ್ತು. ರೆಕಾರ್ಡಿನಲ್ಲಿ ಆ ಜಾಗ ಖಾಲಿ, ಉಳಿದದ್ದೆಲ್ಲ ಅದ್ಭುತ. ಗರಗಸ ಬಾಗಿಲು ತೆಗೆದು ಹೊರಗೆ ಬರುವಷ್ಟರಲ್ಲಿ ಬಾಲ ಅದನ್ನು ಅಳಿಸಿಬಿಟ್ಟಿದ್ದ.

"ರೆಕಾರ್ಡೇ ಆಗ್ಲಿಲ್ಲ ಕಣೋ. ಯಂತ್ರ ನಿಂತ್ಹೋಗಿತ್ತು."

ಗರಗಸ ಅವನ ಕುರ್ಚಿಯ ಹಿಂದೆ ಬಂದು ನಿಂತ. "ಹೋಗ್ಲಿ ಬಿಡು. ಯಾಕೆ ಆಗ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು. ಬರೆಯೋವಾಗ್ಲೇ ನಿನ್ನ ಜಾಗ ಬಿಟ್ಟು ಬರೀತೀನಿ ನಾನು. ಒಬ್ಬನ ಉಸಿರಿಗೆ ಅದು ಹಿಡಿಯಲ್ಲ."

ಬಾಲನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಇಡೀ ಪದ್ಯ ಅವನದು, ತನ್ನದು ಒಂದು ಪದ ಎಂದು ಎದೆ ಚುಚ್ಚಿತು. ಆದರೆ ಅಂಥ ಓಟ ಇನ್ನೊಮ್ಮೆ ಬರಲಿಕ್ಕಿಲ್ಲ ಎಂಬುದು ಬಾಲನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ಕೀಲಿ ಒತ್ತಿದರೆ ಅಳಿಸಿದ್ದು ಮರಳಿ ಬರುತ್ತಿತ್ತು. ಬಂದರೆ ಸುಳ್ಳು ಬಯಲಾಗುತ್ತಿತ್ತು. ಒತ್ತಿದ. ಪರದೆಯ ತುಂಬ ದನಿಯ ಗೆರೆಗಳು ಮತ್ತೆ ಮೂಡಿದವು, ನಡುವೆ ಒಂದಿಷ್ಟು ಖಾಲಿ.

ಗರಗಸ ಅದನ್ನೇ ನೋಡುತ್ತ ನಿಂತ. "ಅಳಿಸಿದ್ಯಾ?"

"ಹೂಂ."

"ಅಷ್ಟು ಕೆಟ್ಟದಾಗಿತ್ತಾ?"

"ಅಷ್ಟು ಚೆನ್ನಾಗಿತ್ತು."

ಗರಗಸ ಕುರ್ಚಿಯ ಬೆನ್ನು ತಟ್ಟಿ, "ಏಳು, ಇಲ್ಲಿ ನಾನು ಕೂತ್ಕೋತೀನಿ. ನೀನು ಒಳಗ್ಹೋಗು," ಎಂದ.

ಬಾಲ ಒಳಗೆ ಹೋಗಿ ಇನ್ನೂ ಬೆಚ್ಚಗಿದ್ದ ಹೆಡ್‌ಫೋನ್ ಹಾಕಿಕೊಂಡ. ಮೈಕು ಗರಗಸನ ಎತ್ತರಕ್ಕೆ, ಇವನ ಹಣೆಯ ಮಟ್ಟಕ್ಕಿತ್ತು. ತಗ್ಗಿಸಲು ಕೈ ಹಾಕುವಷ್ಟರಲ್ಲಿ ಕಿವಿಯಲ್ಲಿ ಗರಗಸನ ಪದ್ಯ ಶುರುವಾಯಿತು. ಅವನು ಕೈ ಹಿಂದೆಗೆದುಕೊಂಡು, ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತು ತನ್ನ ಪದಕ್ಕಾಗಿ ಕಾದ.