ಮುಡಿಗಾಗದ ಹೂ

ಚಿಕ್ಕಲಕ್ಷ್ಮಮ್ಮನ ಕೈಗುಣ ಚೆನ್ನ, ಹಣೆಬರಹ ಚೆನ್ನಾಗಿಲ್ಲ ಎಂದು ಕೊತ್ತತ್ತಿಯ ಹೆಂಗಸರು ಅವಳ ಹಿತ್ತಲಲ್ಲೇ ನಿಂತು ಹೇಳುತ್ತಿದ್ದರು, ಅವಳ ಹೂ ಬಿಡಿಸುತ್ತಲೇ. ಗಂಡ ಸತ್ತು ತಮ್ಮನ ಮನೆ ಸೇರಿ ಇಪ್ಪತ್ತು ವರ್ಷವಾಗಿತ್ತು. ನೀರು ಹೊರುವವಳು ಅವಳು, ಮಲ್ಲಿಗೆ ಕನಕಾಂಬರ ಊರವರ ಮುಡಿಗೆ. ಮುಡಿದು ಹೊರಟಾಗ ಅವಳೇ ಎದುರು ಬಂದರೆ ಅಪಶಕುನವೆಂದು ಮನೆಗೆ ಹಿಂತಿರುಗುತ್ತಿದ್ದರು. ಎಂಥ ನ್ಯಾಯವೋ!

ಮಂಡ್ಯದ ಸಕ್ಕರೆ ಕಾರ್ಖಾನೆಯ ಬಂಗಲೆಯೊಂದರಲ್ಲಿ ತೋಟದ ಕೆಲಸಕ್ಕಿದ್ದ ಬೆಟ್ಟಯ್ಯ ಒಮ್ಮೆ ಅವಳಿಗೊಂದು ಗಿಡದ ಬುಡ ತಂದುಕೊಟ್ಟ. ಅಲ್ಲಿನ ಬಿಳಿ ದೊರೆಸಾನಿ ತನ್ನ ಸೀಮೆಯಿಂದ ತರಿಸಿದ್ದಂತೆ.

“ನೀರು ಜಾಸ್ತಿ ಉಯ್ಬ್ಯಾಡ ಲಕ್ಷ್ಮವ್ವ, ಕೊಳ್ತೋಯ್ತದೆ. ಒಣಗ್ತು ಅಂತ ಕಿತ್ತು ಬಿಸಾಕ್ಬ್ಯಾಡ, ಬುಡ್ದಲ್ಲಿ ಜೀವ ಇರ್ತದೆ.”

“ಮುಡ್ಕಳ ಹೂವಾ?”

“ಅಯ್ಯೋ, ವಾಸ್ನೆ ಇಲ್ಲ, ನಡೂಮಧ್ಯ ಮುಳ್ಳಿನ ಉಂಡೆಯಂಗೆ ಗುಬುಟು. ಯಾರ್ ಮುಡ್ಕತಾರೆ ಬುಡು!”

ಹಾಗಾದರೆ ಇದೊಂದಾದರೂ ನನಗೆ ಉಳಿದೀತು ಎಂದು ಅವಳು ಅದನ್ನು ನೆಟ್ಟಳು. ಮೊದಲ ವರ್ಷ ಬರೀ ಎಲೆ. ಬೇಸಿಗೆಗೆ ಸುಟ್ಟಂತೆ ಒಣಗಿತು, ಅವಳು ಕೀಳಲಿಲ್ಲ. ಮೂರನೆಯ ಮುಂಗಾರಿಗೆ ನೇರಳೆಗೆಂಪಿನ ಒಂಬತ್ತು ಹೂ ಬಂದವು. ಯಾರೂ ಮುಟ್ಟಲಿಲ್ಲ. ಸಂಜೆ ಮೈ ಕೈ ಸೋತು ಬಂದು ಅವುಗಳ ಮುಂದೆ ಕೂತರೆ ಆ ಹೊತ್ತು ಮಾತ್ರ ಅವಳದು.

ಆಷಾಢ ಹುಟ್ಟುವ ಮೊದಲೇ ಆಗಬೇಕೆಂದು ತಮ್ಮನ ಮಗಳ ಮದುವೆ ಗೊತ್ತಾಯಿತು. ಯುದ್ಧದ ಕಾಲ, ಸಕ್ಕರೆ ಮಾಡುವ ಸೀಮೆಯಲ್ಲೇ ಸಕ್ಕರೆಗೆ ರೇಷನ್ ಚೀಟಿ. ಸಿಹಿಯಡುಗೆ ಕಮ್ಮಿಯಾದರೂ ಚಪ್ಪರ ಚೆಂದವಿರಲೆಂದು ತಮ್ಮನ ಹೆಂಡತಿ ಮಂಚಮ್ಮ ಕುಡುಗೋಲು ಹಿಡಿದು ಹಿತ್ತಲಿಗೆ ಬಂದಳು.

“ಆ ಬಂಗ್ಲೆ ಹೂ ಕುಯ್ಕತೀನಿ ಅಕ್ಕ, ಚಪ್ರದ ಕಂಬಕ್ಕೆ.”

“ಅವು ಬ್ಯಾಡ ಕಣಮ್ಮಿ. ಮಲ್ಗೆ ಎಲ್ಲಾನೂ ತಕ್ಕೊ.”

“ಯಾರ್ಗಂತ ಮಡೀಕಂಡಿದ್ದೀಯೆ?”

“ನಂಗೆ.”

“ನಿಂಗಾ? ಮುಡ್ಕಂಡಿಯಾ?”

ಚಿಕ್ಕಲಕ್ಷ್ಮಮ್ಮ ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಜಗಳಕ್ಕೂ ತ್ರಾಣ ಬೇಕಲ್ಲ! ಒಂಬತ್ತೂ ಹೋದವು.

ಮದುವೆಯ ದಿನ ಕೋಳಿ ಕೂಗಿದಾಗಿನಿಂದ ಅವಳು ಹಿತ್ತಲ ಒಲೆಯ ಮುಂದೆ ಬೆಂದಳು. ಧಾರೆ ಮುಗಿಯುವ ತನಕ ಅವಳಂಥವರು ಚಪ್ಪರಕ್ಕೆ ಬರುವಂತಿಲ್ಲ, ಅದನ್ನು ಯಾರೂ ಹೇಳಬೇಕಿರಲಿಲ್ಲ. ಇಣುಕಿದರೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣದು. ಮೂರು ವರ್ಷ ಕಾದ ಹೂವಿಗೆ ಚಪ್ಪರದಲ್ಲಿ ಜಾಗವಿದೆ, ತನಗಿಲ್ಲ. ಅವಳು ಸೌಟು ಕೆಳಗಿಟ್ಟು, ಕೈ ತೊಳೆದು, ನೆಟ್ಟಗೆ ಹೋಗಿ ಮುಂದಿನ ಚಾಪೆಯ ಮೇಲೆ ಕೂತಳು. ವಾಲಗದವನ ಉಸಿರೂ ಒಂದು ಗಳಿಗೆ ತಪ್ಪಿತು.

ಮಂಚಮ್ಮ ಬಗ್ಗಿ ಹಲ್ಲು ಕಡಿಯುತ್ತ ಅವಳ ಕಿವಿಯಲ್ಲಿ ಉಸುರಿದಳು. “ಅಕ್ಕಾ, ಇದೇನ್ ಕೆಲ್ಸ! ಎದ್ದು ಒಳಕ್ಕೋಗು.”

“ಹೂ ನೋಡಕ್ ಬಂದೆ.”

“ಧಾರೆ ಆದ್ಮೇಕೆ ನೋಡೀಯೆ. ಏಳು!”

“ಏಳಕ್ಕಾಗಾಕಿಲ್ಲ ಕಣಮ್ಮಿ. ಇಪ್ಪತ್ತೊರ್ಸದಿಂದ ಎದ್ದೆದ್ದೇ ಓಗಿದ್ದೀನಿ. ಸಾಕಾಗದೆ.”

ಅಕ್ಷತೆಯ ತಟ್ಟೆ ಸಾಲಿನಲ್ಲಿ ಬಂತು. ಹಿಡಿದವಳು ಚಿಕ್ಕಲಕ್ಷ್ಮಮ್ಮನನ್ನು ದಾಟಿ ಪಕ್ಕದವಳಿಗೆ ನೀಡಿದಳು. ಚಿಕ್ಕಲಕ್ಷ್ಮಮ್ಮ ಕೈ ಚಾಚಿ, ತಟ್ಟೆಯನ್ನು ತನ್ನತ್ತ ಎಳೆದು, ಒಂದು ಹಿಡಿ ತೆಗೆದುಕೊಂಡಳು.