ಕಡೆಯ ಸಾಲು

ಕೆಂಪಾಪುರದ ಮುನಿರಾಜುವಿನ ಸೈಬರ್ ಸೆಂಟರಿನಲ್ಲಿ ಆರು ಕಂಪ್ಯೂಟರುಗಳಿದ್ದವು. ಐದಕ್ಕೆ ಗಿರಾಕಿಗಳಿದ್ದರು, ಆರನೆಯದಕ್ಕೆ ರಾಧಾಮಣಿ ಇದ್ದಳು.

ಮೂಲೆಯ ಆ ಆರನೇ ನಂಬರಿಗೆ ಇಂಟರ್ನೆಟ್ ಬರುತ್ತಿರಲಿಲ್ಲ. ಡಬ್ಬದಂಥ ಹಳೆಯ ಮಾನಿಟರ್. ಆನ್ ಮಾಡಿದರೆ ಬಣ್ಣ ಮೂಡಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು. ಅದರೊಳಗೆ ಯಾರೋ ಯಾವತ್ತೋ ಹಾಕಿ ಬಿಟ್ಟುಹೋದ ಒಂದು ಗೇಮ್ ಇತ್ತು. ಬಂದ ಕಾಲಕ್ಕೆ ಅದು ಭಾರಿ ಹೊಸದಾಗಿದ್ದಿರಬಹುದು. ಈಗ, ಎರಡು ಸಾವಿರದ ಹನ್ನೊಂದರಲ್ಲಿ, ಅದರ ಮನುಷ್ಯರ ಮುಖಗಳು ರಟ್ಟು ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದ್ದವು. ಇನ್ನೂ ಬರಬೇಕಾದ ಯಾವುದೋ ಕಾಲದ ಕಥೆ. ಸಮುದ್ರ ಅರ್ಧ ನುಂಗಿದ ಊರು, ಊರನ್ನೆಲ್ಲ ಹಿಡಿತದಲ್ಲಿಟ್ಟುಕೊಂಡ ಗೋಪುರ, ಆ ಗೋಪುರದ ನೆತ್ತಿ ತಲುಪಬೇಕಾದ, ಒಂದು ಕೈ ಕಬ್ಬಿಣದ್ದಾದ ಹೆಣ್ಣು. ಹೊಡೆದಾಡಿಕೊಂಡು ಹೋಗಬಹುದು, ಮಾತಾಡಿ ಒಲಿಸಿಕೊಂಡು ಹೋಗಬಹುದು, ಇಲ್ಲವೆ ಕದ್ದು ಹೋಗಬಹುದು. ರಾಧಾಮಣಿ ಕದ್ದು ಹೋಗುವವಳು.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳನ್ನು ಚಿಕ್ಕಪ್ಪ ಮುನಿರಾಜು ಇಲ್ಲಿ ಕೂರಿಸಿದ್ದ. ಬಂದವರ ಐಡಿ ಕಾರ್ಡ್ ನೋಡಿ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು, ಜೆರಾಕ್ಸ್ ತೆಗೆದುಕೊಡಬೇಕು. ‘ಇಲ್ಲಿ ಸೈನ್ ಮಾಡಿ’ ಎಂಬುದರಾಚೆಗೆ ಅವಳ ಮಾತು ಹೋಗುತ್ತಿರಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜನ ಬರುವುದಿಲ್ಲ. ಆ ಎರಡು ಗಂಟೆ ಅವಳದು.

ಮೂರು ವರ್ಷದಲ್ಲಿ ಆ ಮುಳುಗಿದ ಊರು ಅವಳಿಗೆ ತನ್ನ ಬೀದಿಯಷ್ಟೇ ಪರಿಚಯವಾಗಿತ್ತು. ನೀರು ನಿಂತ ಜಾಗಕ್ಕೆ ಹೆಬ್ಬಾಳ ಕೆರೆ ಎಂದು ತಾನೇ ಹೆಸರಿಟ್ಟಿದ್ದಳು. ಉದ್ದ ಕಾಂಪೌಂಡಿನ ಕಟ್ಟಡ ವೆಟರ್ನರಿ ಕಾಲೇಜು. ಯಾವ ಕಾವಲುಗಾರ ಎಷ್ಟು ಹೆಜ್ಜೆ ಹಾಕಿ ತಿರುಗುತ್ತಾನೆ, ಯಾವ ಕಿಟಕಿಯ ಚಿಲಕ ಸಡಿಲ, ಎಲ್ಲ ಬಾಯಿಪಾಠ. ತೊಡಕು ಒಂದೇ. ಅಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಕೆಳಗೆ ಇಂಗ್ಲಿಷಿನ ನಾಲ್ಕು ಸಾಲು ಮೂಡುತ್ತಿದ್ದವು; ಅವುಗಳಲ್ಲಿ ಒಂದನ್ನು ಒತ್ತಿ ಉತ್ತರ ಕೊಡಬೇಕು. ಅಷ್ಟು ಇಂಗ್ಲಿಷ್ ಅವಳಿಗೆ ಬಾರದು. ಕಡೆಯ ಸಾಲು ಒತ್ತಿದರೆ ಎದುರಿನವರು ಮುಖ ತಿರುಗಿಸಿ ಹೋಗುತ್ತಾರೆ ಎಂದು ಮೊದಲ ವಾರವೇ ಕಂಡುಕೊಂಡಿದ್ದಳು. ಅಂದಿನಿಂದ ಯಾರೇ ಸಿಗಲಿ, ಕಡೆಯ ಸಾಲು. ಅವಳ ಸ್ವಭಾವಕ್ಕೂ ಅದೇ ಒಗ್ಗಿತು.

ಹಾಗೇ ಗೋಪುರದ ಬುಡದವರೆಗೂ ಬಂದಿದ್ದಳು. ಅಲ್ಲೊಂದು ಬಾಗಿಲು. ಐದು ತಿಂಗಳಿಂದ ಏನು ಮಾಡಿದರೂ ಅದು ತೆರೆದಿರಲಿಲ್ಲ.

ಆಗ ಬಂದಳು ಧನುಶ್ರೀ. ಚಿಕ್ಕಪ್ಪನ ಮಗಳು, ಡಿಪ್ಲೊಮಾ ಮೊದಲ ವರ್ಷದ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದವಳು.

“ಅಯ್ಯೋ ಅಕ್ಕಾ, ನೀನಾ ಇದನ್ನ ಆಡೋದು? ಮೂಗಿ ಥರ ಕೂತ್ಕೊಂಡು ಇಲ್ಲಿ ಗನ್ ಹಿಡ್ಕೊಂಡಿದೀಯಾ? ಸರ್ಕೋ ಸ್ವಲ್ಪ, ನಾನೂ ನೋಡ್ತೀನಿ.”

ಆ ಸ್ವಲ್ಪ ಸರಿದದ್ದೇ ತಪ್ಪಾಯಿತು. ಧನು ತನ್ನ ಹೆಸರಿನಲ್ಲಿ ಬೇರೆಯಾಗಿ ಹೊಸ ಆಟ ಶುರು ಮಾಡಿದಳು. ಮರುದಿನದಿಂದ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಅವಳದಾಯಿತು. ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸುವಳು, ಗಟ್ಟಿಯಾಗಿ ಓದುವಳು, ನಗುವಳು. ರಾಧಾಮಣಿಗೆ ಎರಡು ವರ್ಷ ಹಿಡಿದ ದಾರಿಯನ್ನು ನಾಲ್ಕೇ ದಿನದಲ್ಲಿ ದಾಟಿದಳು.

ಸುರಂಗದ ಬಾಯಲ್ಲಿ ಒಬ್ಬಳು ಮುದುಕಿ ಇದ್ದಳು. ರಾಧಾಮಣಿಯ ಪಾಲಿಗೆ ಅವಳು ಕಂಡ ಕೂಡಲೇ ಕಬ್ಬಿಣದ ನಾಯಿಗಳನ್ನು ಛೂ ಬಿಡುವ ರಾಕ್ಷಸಿ. ಧನುವಿನ ಆಟದಲ್ಲಿ ಅದೇ ಮುದುಕಿ ಹತ್ತು ನಿಮಿಷ ಕೂತು ಮಾತಾಡಿದಳು.

“ಪಾಪ ಕಣಕ್ಕ, ಅವಳ ಮಗಳು ನೀರಲ್ಲಿ ಹೋಗ್ಬಿಟ್ಟಳಂತೆ. ನೀನೂ ನನ್ನ ಮಗಳಿದ್ದ ಹಾಗೆ ಅಂತಾಳೆ ನೋಡು. ಏ, ಏನೋ ಕೊಟ್ಲು! ಕಾರ್ಡು! ಗೋಪುರದ ಬಾಗಿಲಿಗಂತೆ!”

ರಾಧಾಮಣಿ ಜೆರಾಕ್ಸ್ ಮಿಷಿನ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಹುರಿಯುತ್ತಿದ್ದ ಹಾಗಿತ್ತು. ಕಾರ್ಡಿಗಿಂತ ಹೆಚ್ಚಾಗಿ ಸುಟ್ಟದ್ದು ಆ ‘ಮಗಳು’ ಎಂಬ ಮಾತು. ಮೂರು ವರ್ಷದ ಒಡನಾಟ ತನ್ನದು. ಮಗಳಾದವಳು ನಿನ್ನೆ ಬಂದವಳು!

ಧನು ಅಷ್ಟಕ್ಕೆ ಬಿಡಲಿಲ್ಲ. ರಾಧಾಮಣಿಯ ಆಟವನ್ನೂ ತೆಗೆದು ನೋಡಿದಳು. “ಅಕ್ಕಾ, ಎಲ್ಲರಿಗೂ ಇದೇನಾ ಒತ್ತಿರೋದು? ಇದರ ಅರ್ಥ ಗೊತ್ತಾ? ‘ನಿನ್ನ ಗೋಳು ನನಗ್ಯಾಕೆ, ದಾರಿ ಬಿಡು.’ ಮುದುಕಿಗೂ ಇದೇ ಅಂದಿದೀಯಾ? ನಾಯಿ ಬಿಡ್ದೆ ಇನ್ನೇನು ಆರತಿ ಎತ್ತುತ್ತಾಳಾ?”

ರಾಧಾಮಣಿಯೂ ನಕ್ಕಳು. ನಗದಿದ್ದರೆ ಗೊತ್ತಾಗಿಬಿಡುತ್ತಿತ್ತು.

ಗುರುವಾರ ಮುನಿರಾಜು ಬಂದವನು ಆರನೇ ನಂಬರಿನ ತಲೆ ತಟ್ಟಿದ. “ಸೋಮವಾರ ಇದನ್ನ ಮೇಲಕ್ಕೆ, ಮನೆಗೆ ತಗೊಂಡೋಗ್ತೀನಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತಾರಂತೆ. ಧನುಗೆ ಓದೋಕೆ ಬೇಕು. ಇಲ್ಲಿ ಇಂಗೇ ಬಿದ್ದಿರೋದಕ್ಕೆ ಓದೋ ಮಗೀಗಾದ್ರೂ ಆಗ್ಲಿ. ಏನ್ ರಾಧಾ?”

“ಹೂಂ ಚಿಕ್ಕಪ್ಪ.”

ಎಲ್ಲಾ ಅಳಿಸಿ. ಅಂದರೆ ಕೆರೆ, ಕಾಂಪೌಂಡು, ಕಬ್ಬಿಣದ ಕೈಯವಳು, ಎಲ್ಲ. ಉಳಿದದ್ದು ಮೂರು ದಿನ. ಅಷ್ಟರೊಳಗೆ ಗೋಪುರದ ನೆತ್ತಿ ಮುಟ್ಟಬೇಕು. ಮುಟ್ಟಿದರೆ ಧನುವಿಗಿಂತ ಮೊದಲು ಮುಟ್ಟಬೇಕು. ಶುಕ್ರವಾರ ಅವಳು ಕಾರ್ಡಿಗಾಗಿ ತನ್ನ ಆಟದಲ್ಲಿ ಅಷ್ಟು ದೂರ ಹಿಂದಕ್ಕೆ ನಡೆದು ಸುರಂಗಕ್ಕೆ ಹೋದಳು. ಮುದುಕಿ ಮುಖವನ್ನೂ ನೋಡಲಿಲ್ಲ. ನಾಯಿಗಳು ಬಂದವು.

ಧನುವಿಗೂ ಅಡ್ಡಿ ಎದುರಾಗಿತ್ತು. ಗೋಪುರದ ಮುಂದೆ ಒಂದು ಅಂಗಳ. ಮೂವರು ಕಾವಲುಗಾರರು, ಮೇಲೊಂದು ಸುತ್ತುವ ದೀಪ. ಇಲ್ಲಿ ಮಾತು ನಡೆಯದು. ಧನು ಓಡಿದಳು, ಸತ್ತಳು. ಗೋಡೆ ಹಾರಿದಳು, ಸತ್ತಳು. ಎಣಿಸುವುದು ಬೇಡವೆಂದುಕೊಂಡರೂ ರಾಧಾಮಣಿ ಎಣಿಸಿದಳು: ಹದಿನೇಳು ಸಲ.

“ಅಕ್ಕ, ನೀನು ಇಲ್ಲಿ ಹೆಂಗೆ ದಾಟಿದೆ?”

ಮೂರನೇ ಲೈಟ್ ಕಂಬದ ಹಿಂದೆ ಚರಂಡಿಯ ಮುಚ್ಚಳವಿತ್ತು. ದೀಪ ಆ ಕಡೆ ತಿರುಗಿದಾಗ ಏಳು ಎಣಿಸಿ ಇಳಿದರೆ ಅಂಗಳದಾಚೆ ಏಳಬಹುದು. ಆ ಮುಚ್ಚಳ ಹುಡುಕಲು ರಾಧಾಮಣಿಗೆ ಒಂದು ಇಡೀ ಕಾರ್ತಿಕ ಮಾಸ ಬೇಕಾಗಿತ್ತು.

“ಗೊತ್ತಿಲ್ಲ ಕಣೆ,” ಅಂದಳು. “ಹೆಂಗೋ ಆಗ್ಬಿಡ್ತು.”

ಅಂದ ಮೇಲೆ ಎಷ್ಟು ಹಾಯೆನಿಸಿತೆಂದರೆ, ಅವಳಿಗೇ ಹೆದರಿಕೆಯಾಯಿತು.

ಶನಿವಾರ ಇನ್ನೂ ಒಂಬತ್ತು ಸಲ ಸತ್ತು ಧನು ಮೌಸ್ ಕುಕ್ಕಿದಳು. “ಹೋಗ್ಲಿ ಅತ್ಲಾಗೆ, ಡಬ್ಬಾ ಗೇಮು. ಅಳಿಸಿಹೋಗ್ಲಿ.”

ಭಾನುವಾರ ಮಧ್ಯಾಹ್ನ ಧನು ಮೇಲಿನ ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಎರಡನೇ ನಂಬರಿನಲ್ಲಿ ಶಿವಶರಣಪ್ಪ ಎಂಬ ಗಿರಾಕಿ ಮಗನ ರಿಸಲ್ಟ್ ಹುಡುಕುತ್ತಿದ್ದ. ರಾಧಾಮಣಿ ಆರನೇ ನಂಬರಿನ ಮುಂದೆ ಕೂತು ತನ್ನ ಆಟ ಬಿಟ್ಟು ಧನುವಿನ ಆಟ ತೆರೆದಳು. ಇನ್ನೊಬ್ಬರ ಬೀರು ತೆಗೆದ ಹಾಗನ್ನಿಸಿತು.

ಮೂರನೇ ಕಂಬ. ಏಳು ಎಣಿಸಿದಳು. ಇಳಿದಳು, ಎದ್ದಳು. ಐದು ತಿಂಗಳು ಗುದ್ದಿದ ಬಾಗಿಲಿಗೆ ಮುದುಕಿಯ ಕಾರ್ಡ್ ತೋರಿಸಿದರೆ, ಅಷ್ಟೇ, ಅದು ಸದ್ದಿಲ್ಲದೆ ಸರಿಯಿತು. ಲಿಫ್ಟ್ ಏರಿತು. ಕೆಳಗೆ ಊರೆಲ್ಲ ಕಂಡಿತು, ಅವಳ ಕೆರೆಯೂ.

ನೆತ್ತಿಯಲ್ಲಿ ಬಿಳಿ ಕೋಟಿನ ಒಬ್ಬ ಮನುಷ್ಯ ಕೂತಿದ್ದ. ಬಹಳ ಹೊತ್ತು ಏನೋ ಹೇಳಿದ. ಆಮೇಲೆ ಕಿಟಕಿಯಾಚೆಯ ಊರಿನತ್ತ ಕೈ ತೋರಿಸಿದ. ಕೆಳಗೆ ನಾಲ್ಕು ಸಾಲು ಮೂಡಿದವು.

ಬೆರಳು ತಾನಾಗಿ ನಾಲ್ಕರ ಮೇಲೆ ಹೋಗಿ ಕೂತಿತು. ಅಲ್ಲೇ ನಿಂತಿತು. ನಿನ್ನ ಗೋಳು ನನಗ್ಯಾಕೆ. ಇಡೀ ಊರಿಗೆ ಹಾಗನ್ನುವುದೆ? ಇಲ್ಲೂ ಅದೇ ಬರೆದಿದೆಯೋ, ಬೇರೆಯೋ, ಯಾರಿಗೆ ಗೊತ್ತು? ಮೊದಲನೇ ಸಾಲಿನಲ್ಲಿ ‘ವಾಟರ್’ ಎಂಬುದೊಂದು ಓದಲು ಬಂತು. ನೀರು ಬಿಡುವುದೋ, ತೆಗೆಯುವುದೋ?

ಶಿವಶರಣಪ್ಪನನ್ನು ಕೇಳುವುದು ಆಗದ ಮಾತು. ಕೇಳಬಹುದಾದವಳು ಒಬ್ಬಳೇ, ಕರೆದರೆ ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ, ಆಟ ಕದ್ದದ್ದೂ ಗೊತ್ತಾಗುತ್ತದೆ. ಮೆಟ್ಟಿಲಿಗೆ ಹೋಗಿ ನಿಂತಳು.

“ಧನೂ!”

ಆ ಕೂಗಿಗೆ ಶಿವಶರಣಪ್ಪ ಬೆಚ್ಚಿ ತಿರುಗಿ ನೋಡಿದ. ಈ ಹುಡುಗಿಗೆ ಗಂಟಲಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ಧನು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು. ಪರದೆ ನೋಡಿದಳು. ಮೂಲೆಯಲ್ಲಿ ತನ್ನದೇ ಹೆಸರು ನೋಡಿದಳು. ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಗೊತ್ತಿಲ್ಲ ಅಂದ್ಯಲ್ಲ.”

“ಗೊತ್ತಿತ್ತು.”

“ಇಪ್ಪತ್ತಾರು ಸಲ ಸತ್ತಿದೀನಿ ಕಣೆ ನಾನು!”

“ಎಣಿಸ್ತಿದ್ದೆ.”

ಧನು ಟವೆಲನ್ನು ಬಿಗಿ ಮಾಡಿಕೊಂಡಳು. ಮತ್ತೆ ಪರದೆಯತ್ತ ಬಗ್ಗಿದಳು. ಅವಳ ಮುಖ ಸಣ್ಣಗಾಯಿತು. ಆ ಉರಿ ಏನೆಂದು ರಾಧಾಮಣಿಗೆ ಚೆನ್ನಾಗಿ ಗೊತ್ತಿತ್ತು; ಈ ಎಂಟು ದಿನ ಅದನ್ನೇ ಒಳಗಿಟ್ಟುಕೊಂಡು ತಿರುಗಿದ್ದಳು.

“ಎಲ್ಲಿಂದ ಬಂದೆ? ನನಗೆ ಯಾಕೆ ಕಾಣ್ಲಿಲ್ಲ?”

“ಕಂಬದ ಹಿಂದೆ. ನೀನು ನಿಂತು ನೋಡೋದೇ ಇಲ್ಲ.”

“ನೀನು ಮಾತಾಡೋದೇ ಇಲ್ಲ.” ಧನು ಕಾಲಿನಿಂದ ಸ್ಟೂಲ್ ಎಳೆದುಕೊಂಡು ಕೂತಳು. “ಕಾರ್ಡ್ ನಂದು, ತಿಳ್ಕೋ. ಓದ್ಲಾ?”

“ನಾಲ್ಕೂ ಓದು. ನಿಧಾನಕ್ಕೆ.” ರಾಧಾಮಣಿ ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು. “ಒತ್ತೋದು ಮಾತ್ರ ನಾನು.”